ದಿನಕ್ಕೆ ಎರಡೇ ಸಲ

ನನಗೆ ಹೆಸರು ತಂದುಕೊಟ್ಟ ಲೇಖನ ತಪ್ಪು. ಅದು ತಪ್ಪೆಂದು ಅಚ್ಚಾಗುವ ಮೊದಲೇ ನನಗೆ ಗೊತ್ತಿತ್ತು.

ನಾನು ಕರುಳಿನ ಕಾಯಿಲೆಗಳ ವೈದ್ಯೆ. ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ರಕ್ತ ಬೀಳುತ್ತ, ವರ್ಷಗಟ್ಟಲೆ ಕಾಡುವ ರೋಗವೊಂದಿದೆ. ಅದರ ಬಗ್ಗೆ ಬರೆದ ಲೇಖನಗಳು ನನ್ನ ಹೆಸರಿನಲ್ಲಿ ಸಾಕಷ್ಟಿವೆ. ಲೋಕ ನೆನಪಿಟ್ಟದ್ದು ಮಾತ್ರ ಒಂದನ್ನೇ — ಹಳ್ಳಿಯ ಹೆಣ್ಣುಮಕ್ಕಳಲ್ಲಿ ಈ ರೋಗ ಸೌಮ್ಯವಾಗಿರುತ್ತದೆ ಎಂದು ಸಾರಿದ್ದನ್ನು. ಯಾವ ಯಾವುದೋ ದೇಶದ ಸಂಶೋಧಕರು ಅದನ್ನು ಉಲ್ಲೇಖಿಸುತ್ತಾರೆ. ಹಾಗೆ ಯಾರಾದರೂ ಉಲ್ಲೇಖಿಸಿದಾಗಲೆಲ್ಲ ನನ್ನ ಫೋನಿಗೊಂದು ಸಂದೇಶ ಬರುತ್ತದೆ. ಬೆಟಗೇರಿಯ ಈ ಮನೆಯಲ್ಲಿ ನಾನೊಬ್ಬಳೇ. ನಿಜ ಹೇಳುತ್ತೇನೆ — ಎಷ್ಟೋ ದಿನ ನನ್ನನ್ನು ಹೆಸರು ಹಿಡಿದು ಕರೆಯುವುದು ಆ ಸಂದೇಶವೊಂದೇ.

ರೋಗ ಖಚಿತವಾದ ಮೇಲೆ ಅದರ ಏರಿಳಿತವನ್ನು ನಾವು ಅಳೆಯುತ್ತಿದ್ದುದು ಮುಖ್ಯವಾಗಿ ಎರಡು ಪ್ರಶ್ನೆಗಳಿಂದ. ದಿನಕ್ಕೆ ಎಷ್ಟು ಸಲ ಹೊರಕಡೆಗೆ ಹೋಗುತ್ತೀರಿ? ರಕ್ತ ಕಾಣುತ್ತದೆಯೇ? ಗಂಡಸರು ಎಂಟು ಸಲ, ಹತ್ತು ಸಲ ಎನ್ನುತ್ತಿದ್ದರು. ಹಳ್ಳಿಯ ಹೆಂಗಸರು ತಲೆ ತಗ್ಗಿಸಿ, ಎರಡೇ ಸಲ ಎನ್ನುತ್ತಿದ್ದರು. ರಕ್ತ ಕಂಡಿಲ್ಲ ಎನ್ನುತ್ತಿದ್ದರು. ಏನೋ ಹೊಸದನ್ನು ಕಂಡುಹಿಡಿದ ಸಂಭ್ರಮದಲ್ಲಿ ನಾನು ಬರೆದೆ.

ಲೇಖನ ಒಪ್ಪಿಗೆಯಾಗಿ ಅಚ್ಚಿಗೆ ಹೋಗುವುದರಲ್ಲಿತ್ತು. ಆಗ ಡೋಣಿ ಎಂಬ ಹಳ್ಳಿಯ ನೀಲವ್ವ ಬಂದಳು. ನಮ್ಮ ಅಧ್ಯಯನದಲ್ಲಿದ್ದವಳೇ, ತೀರ ಇಳಿದುಹೋಗಿದ್ದಳು. ಯಾವಾಗಲೂ ಬೆನ್ನ ಹಿಂದೆ ನಿಂತಿರುತ್ತಿದ್ದ ಅತ್ತೆ ಅಂದು ಇರಲಿಲ್ಲ. ಅದೇ ಪ್ರಶ್ನೆ ಕೇಳಿದೆ, ಅದೇ ಎರಡು ಎಂದಳು. ಹಾಗಾದರೆ ಇಷ್ಟೇಕೆ ಸೊರಗಿದ್ದೀ ಎಂದು ಗದರಿಸಿಯೇ ಕೇಳಿದೆ.

"ಹಗಲ ಹೊತ್ತು ನಾವು ಉಣ್ಣಂಗಿಲ್ರಿ," ಎಂದಳು. "ಉಂಡ್ರ ಹೋಗಬೇಕಾಕ್ಕೈತಿ. ಗಂಡಸರು ಅಡ್ಡಾಡೋ ಹೊತ್ತಿನ್ಯಾಗ ಎಲ್ಲಿ ಕುಂಡ್ರೂದ್ರಿ? ನಸುಕಿನ್ಯಾಗ ಒಮ್ಮೆ, ಸಂಜಿ ಕತ್ತಲಾದ ಮ್ಯಾಲ ಒಮ್ಮೆ. ರಕ್ತ ಅಂತೀರಿ — ಕತ್ತಲಾಗ ಏನ ಕಾಣತೈತ್ರಿ?"

ನಾನು ಮುಂಡರಗಿಯಲ್ಲಿ ಬೆಳೆದವಳು. ನಸುಕಿನಲ್ಲಿ ಚರಗಿ ಹಿಡಿದು ಅವ್ವನ ಹಿಂದೆ ಬಯಲಿಗೆ ಹೋಗಿ, ದೂರದಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ಅರ್ಧಕ್ಕೇ ಎದ್ದು ನಿಂತವಳು. ಹೊಟ್ಟೆ ಕೆಟ್ಟ ದಿನ ಅವ್ವ ಒಂದು ಗುಟುಕು ನೀರೂ ಕುಡಿಯದೆ ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದುದನ್ನು ಕಂಡವಳು. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಪಟ್ಟಣ ಸೇರಿದ ಮೇಲೆ ಮರೆತಿದ್ದೆ — ಅಲ್ಲ, ಮರೆಯಲು ಇಷ್ಟಪಟ್ಟಿದ್ದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಕಣ್ಣಿಗೆ ನೀಲವ್ವ ದೊಣ್ಣೆ ಹಿಡಿದು ಬಂದವಳಂತೆ ಕಂಡಳು. ಅಚ್ಚು ನಿಲ್ಲಿಸಿ, ನಮ್ಮ ಪ್ರಶ್ನೆಯೇ ತಪ್ಪು ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಪ್ರಾಧ್ಯಾಪಕಿ ಹುದ್ದೆಯ ಸಂದರ್ಶನ ಹತ್ತಿರವಿತ್ತು — ತಿಪ್ಪೆ ಸಾರಿಸಿದೆ. ಅವಳ ಉತ್ತರವನ್ನೂ ಎರಡು ಎಂದೇ ಬರೆದುಕೊಂಡೆ. ಬರೆದ ಮೇಲೆ ಅದಕ್ಕೆ ತಕ್ಕ ಔಷಧವನ್ನೇ ಕೊಡಬೇಕಲ್ಲ? ಸೌಮ್ಯ ರೋಗಕ್ಕೆ ಕೊಡುವ ಹಳೆಯ ಗುಳಿಗೆಗಳನ್ನೇ ಕೊಟ್ಟು, ಚೆನ್ನಾಗಿ ಊಟ ಮಾಡು ಎಂದು ಬುದ್ಧಿ ಬೇರೆ ಹೇಳಿ ಕಳಿಸಿದೆ.

ಮರುವರ್ಷ ಅವಳ ಕರುಳು ತೂತಾಯಿತು. ಹುಬ್ಬಳ್ಳಿಯಲ್ಲಿ ದೊಡ್ಡ ಕರುಳನ್ನೇ ತೆಗೆದು, ಮಲ ಬೀಳಲು ಹೊಟ್ಟೆಗೊಂದು ಚೀಲ ಹಚ್ಚಿದರು. ಅವಳು ಬದುಕಿರುವ ತನಕ ಇನ್ನು ಅದೇ. ಅಷ್ಟರಲ್ಲಿ ನಾನು ಪ್ರಾಧ್ಯಾಪಕಿಯಾಗಿದ್ದೆ. ನನ್ನ ಲೇಖನ ನಂಬಿ ಬೇರೆ ಊರುಗಳ ವೈದ್ಯರು ಎಷ್ಟು ಹೆಂಗಸರಿಗೆ ನಿಮ್ಮದು ಹಗುರ ರೋಗ ಎಂದು ಹೇಳಿ ಕಳಿಸಿದರೋ — ಆ ಸಂದೇಶ ಮಾತ್ರ ನನ್ನ ಫೋನಿಗೆ ಬರುವುದಿಲ್ಲ.

ಹೋದ ತಿಂಗಳು, ಹೇಳಿಬಿಡಬೇಕೆಂದು ಡೋಣಿಗೆ ಹೋದೆ. ನೀಲವ್ವ ನನ್ನ ಗುರುತು ಹಿಡಿದಳು. ಜಮಖಾನ ಹಾಸಿ ಕೂರಿಸಿ, ಸಕ್ಕರೆ ತುಸು ಹೆಚ್ಚೇ ಹಾಕಿ ಚಹಾ ಕೊಟ್ಟಳು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋದಳು.

"ಸಂಡಾಸ ಕಟ್ಟಸೇವ್ರಿ ಬಾಯಾರ. ಚೀಲ ಖಾಲಿ ಮಾಡಾಕ ಭಾಳ ಅನುಕೂಲ ಆಗೈತಿ."

ನಾನು ಆ ಬಾಗಿಲನ್ನೇ ನೋಡುತ್ತ ನಿಂತೆ. ಅವಳು ದನಿ ತಗ್ಗಿಸಿ ಮತ್ತೆ ಹೇಳಿದಳು, "ಅವತ್ತ ನಾನ ನಿಮಗ ಸರಿಯಾಗಿ ಹೇಳಲಿಲ್ಲ ಕಾಣಸತೈತ್ರಿ. ನಾಚಿಗಿ ಬಿಟ್ಟು ಹೇಳಿದ್ರ ಕರಳ ಉಳೀತಿತ್ತೇನೋ."

ನಾಲಿಗೆಯ ತುದಿಗೆ ಬಂದಿತ್ತು. ಆದರೂ — ಬಸ್ಸಿಗೆ ಹೊತ್ತಾಯಿತು ಎಂದೆ. ಅವಳು ರಸ್ತೆಯ ತನಕ ಬಂದು ಕಳಿಸಿಕೊಟ್ಟಳು.

ನಿನ್ನೆ ಪತ್ರಿಕೆಗೆ ಎಲ್ಲವನ್ನೂ ಬರೆದು, ಲೇಖನವನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿದ್ದೇನೆ. ಅದು ಸುಲಭ, ಅವರು ನನ್ನ ಮುಖ ನೋಡುವವರಲ್ಲ. ನಾಳೆ ಮತ್ತೆ ಡೋಣಿಗೆ ಹೋಗುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತಾದರೂ ಹೇಳುತ್ತೇನೆ — ನೀನು ಸರಿಯಾಗಿಯೇ ಹೇಳಿದ್ದೆ, ನೀಲವ್ವ. ನಾನು ಕೇಳಿಸಿಕೊಂಡಿದ್ದೆ.