ವೈಜನಾಥ ಮರೆತ ತಾರೀಖು

ಹೈದರಾಬಾದಿನ ಮಲ್ಕಾಜ್‌ಗಿರಿಯ ವೈಜನಾಥನಿಗೆ ದೇವರು ರೂಪ ಕೊಡಲಿಲ್ಲ, ಎತ್ತರ ಕೊಡಲಿಲ್ಲ, ಹೇಳಿಕೊಳ್ಳುವಂಥ ಸಂಬಳವನ್ನೂ ಕೊಡಲಿಲ್ಲ. ಕೊಟ್ಟದ್ದು ನೆನಪಿನ ಶಕ್ತಿ ಒಂದೇ. ಅದೂ ಎಲ್ಲದರ ನೆನಪಲ್ಲ, ಬರೀ ತಾರೀಖುಗಳದು. ಓಣಿಯಲ್ಲಿ ಯಾರ ಬಸುರಿ ಮಗಳ ಕುಬಸ ಯಾವ ವಾರ ಆಯಿತು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ತನ್ನಪ್ಪ ಯಾವ ದಿನ ನಿವೃತ್ತನಾಗಿ ಕೊರಳಲ್ಲಿ ಹಾರದೊಂದಿಗೆ ಮನೆಗೆ ಬಂದ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಕೇಳಿದವರಿಗೆ ಹೇಳುತ್ತಿದ್ದ. ಕೇಳದವರನ್ನೂ ನಿಲ್ಲಿಸಿ ಹೇಳುತ್ತಿದ್ದ.

ಈ ಒಂದು ಗುಣದ ಬಲದ ಮೇಲೆ ಬಾಲಾನಗರದ ಪಂಪಿನ ಕಾರ್ಖಾನೆಯೊಂದರ ಪರ್ಸೊನೆಲ್, ಅಂದರೆ ಸಿಬ್ಬಂದಿ ವಿಭಾಗದಲ್ಲಿ ಅವನು ಇಪ್ಪತ್ತು ವರ್ಷ ತೆಗೆದ. ಯಾವ ಕಾರ್ಮಿಕನ ಪ್ರೊಬೇಷನ್ ಎಂದು ಮುಗಿಯುತ್ತದೆ, ಯೂನಿಯನ್ ಜೊತೆಗಿನ ಒಪ್ಪಂದದ ಅವಧಿ ಎಂದಿಗೆ ತೀರುತ್ತದೆ ಎಂದು ದೊಡ್ಡ ಸಾಹೇಬರು ಫೈಲು ತೆರೆಯದೆ ಅವನನ್ನೇ ಕರೆಯುತ್ತಿದ್ದರು. ಮನೆಯಲ್ಲೂ ಅದೇ ದರ್ಬಾರು. ಎಲ್‌ಐಸಿ ಕಂತು, ಸ್ಕೂಟರಿನ ಇನ್ಶೂರೆನ್ಸು, ಮಗಳ ಶಾಲೆಯ ಫೀಸು, ಯಾವುದೂ ಒಂದು ದಿನ ತಡವಾದದ್ದಿಲ್ಲ. ಹೊಸ ವರ್ಷಕ್ಕೆ ಯಾರಾದರೂ ಕ್ಯಾಲೆಂಡರ್ ತಂದುಕೊಟ್ಟರೆ ಹೆಂಡತಿ ಪ್ರೇಮಾ ನಗುತ್ತಿದ್ದಳು.

"ನಮ್ಮನ್ಯಾಗ ಕ್ಯಾಲೆಂಡರ್ ಯಾಕ ಬೇಕ್ರಿ? ಇವರ ಅದಾರಲ್ಲ."

ವೈಜನಾಥನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಪ್ರೇಮಾ ಸೇಡಂ ಕಡೆಯ ಹುಡುಗಿ, ಬಿ.ಕಾಂ. ಓದಿದವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಬೇಗಂಪೇಟೆಯ ಒಂದು ಕಂಪ್ಯೂಟರ್ ಕಂಪನಿಯ ಮುಂಬಾಗಿಲಲ್ಲಿ ಫೋನೆತ್ತುವ ಕೆಲಸ ಸಿಕ್ಕಿತು. ಕಳಿಸಿದವನು ವೈಜನಾಥನೇ. ನೌಕರರ ಕಾಯಿದೆ ಹೇಳಿಕೊಟ್ಟವನು, ಮಂದಿ ಜಗಳ ತಂದಾಗ ಮೊದಲು ನೀರು ಕೊಟ್ಟು ಕೂರಿಸಬೇಕು ಎಂದು ಕಲಿಸಿದವನೂ ಅವನೇ. ಅವಳು ಫೋನು ಬಿಟ್ಟು ಎಚ್.ಆರ್. ವಿಭಾಗಕ್ಕೆ ಹೋದಾಗ ಬಾಲಾನಗರದಲ್ಲಿ ಪೇಢೆ ಹಂಚಿದ. ಕೊಂಡಾಪುರದ ದೊಡ್ಡ ಕಂಪನಿಗೆ ಸೇರಿದಾಗಲೂ ಹಂಚಿದ, ಆದರೆ ಆ ಸಲ ಪೇಢೆ ಸ್ವಲ್ಪ ಸಣ್ಣವಿದ್ದವು.

ಆ ಕಂಪನಿಗೆ ಸಿಂಗಾಪುರ, ಮನಿಲಾಗಳಲ್ಲೆಲ್ಲ ಶಾಖೆಗಳಿದ್ದವು. ಎಚ್.ಆರ್.ನಲ್ಲಿ ಮೇಲೆ ಹೋಗಬೇಕೆಂದರೆ ಹೊರದೇಶದವರು ನಡೆಸುವ ಅಂತರರಾಷ್ಟ್ರೀಯ ಪರೀಕ್ಷೆಯೊಂದನ್ನು ಪಾಸು ಮಾಡಿ, ಹೆಸರಿನ ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರ ಹಚ್ಚಿಕೊಳ್ಳಬೇಕು ಎಂಬ ಮಾತು ಅಲ್ಲಿ ಎದ್ದಿತ್ತು. ಪ್ರೇಮಾ ಕಟ್ಟುತ್ತೇನೆ ಎಂದಳು. ವೈಜನಾಥ ಮೀಸೆ ತಿರುವಿದ.

"ನಾನೂ ಕೂಡ್ತೀನಿ. ಇಪ್ಪತ್ತ ವರ್ಷ ಮಂದೀನ್ನ ಸಂಭಾಳಿಸೀನಿ. ಅವರು ನನಗೇನ್ ಹೊಸಾದು ಕೇಳ್ತಾರ?"

ಇಬ್ಬರೂ ಊಟದ ಟೇಬಲ್ಲಿನ ಮೇಲೆ ಪುಸ್ತಕ ಹರವಿಕೊಂಡು ಓದಿದರು. ಒಂದು ಪ್ರಶ್ನೆ ಹೀಗಿತ್ತು: ಬೇರೆ ದೇಶದ ಶಾಖೆಗೆ ಹೋದ ನೌಕರನ ಹೆಂಡತಿಗೆ ಅಲ್ಲಿ ಮನಸ್ಸು ಹತ್ತುತ್ತಿಲ್ಲ, ಅವನು ಕೆಲಸವನ್ನು ಅರ್ಧಕ್ಕೇ ಬಿಟ್ಟು ಬರಲು ಹೊರಟಿದ್ದಾನೆ, ನೀವು ಮೊದಲು ಏನು ಮಾಡುತ್ತೀರಿ?

"ಆಕೀನ್ನ ತವರಮನಿಗೆ ಕಳಸಬೇಕು," ಎಂದ ವೈಜನಾಥ, ಪುಸ್ತಕದ ಕಡೆ ನೋಡದೆ. "ಅವ ನೌಕರಿ ಮುಗಿಸಿ ಬರ್ಲಿ."

ಪ್ರೇಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲರೀ, ಮೊದಲ ಆಕೀನ್ನ ಕೇಳ್ಬೇಕ್ರಿ, ಏನವ್ವ ನಿನ್ನ ತ್ರಾಸ ಅಂತ."

ಅವನೂ ನಕ್ಕ. ಆಗಿನ್ನೂ ನಗು ಬರುತ್ತಿತ್ತು.

ಪರೀಕ್ಷೆ ಅಮೀರ್‌ಪೇಟೆಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನಡೆಯಿತು. ಕೊನೆಯ ಉತ್ತರ ಒತ್ತಿದ ಕೂಡಲೇ ಪಾಸೋ ನಪಾಸೋ ಪರದೆಯ ಮೇಲೆ ಬಂದುಬಿಡುವ ಕ್ರಮ. ವೈಜನಾಥನ ಪರದೆ ನಪಾಸು ಎಂದಿತು. ಅವನು ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಸ್ವಲ್ಪ ಹೊತ್ತಿಗೆ ಪ್ರೇಮಾ ಬಂದಳು, ಅವನ ಮುಖ ನೋಡಿದಳು, ಕೈಚೀಲ ಸರಿಮಾಡಿಕೊಂಡಳು.

"ನಂದು ಈಗ ಗೊತ್ತಾಗೂದಿಲ್ಲಂತ್ರಿ. ಮೇಲ್ ಕಳಿಸ್ತಾರಂತ."

ಸುಳ್ಳು. ಇಬ್ಬರಿಗೂ ಗೊತ್ತಿದ್ದ ಸುಳ್ಳು. ಅವಳೇ ಇರಾನಿ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದಳು, ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆಗೇ ಸರಿಸಿದಳು. ಗೆದ್ದೆ ಎಂದು ಕುಣಿದಿದ್ದರೆ ವೈಜನಾಥ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಪೇಢೆ ತರುತ್ತಿದ್ದ. ಆದರೆ ಅವಳು ಕರುಣೆ ತೋರಿಸಿದಳು, ಅದು ಅವನಿಗೆ ಅರಗಲಿಲ್ಲ.

ಸರ್ಟಿಫಿಕೇಟು ಕೊರಿಯರಿನಲ್ಲಿ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ತಂದವನು ಅವನೇ, ಮೊಳೆ ಹೊಡೆದವನೂ ಅವನೇ. ಹೊಡೆದದ್ದು ಎಲ್ಲಿ? ಮುಂಬಾಗಿಲ ಹಿಂದಿನ ಗೋಡೆಗೆ. ಬಾಗಿಲು ತೆರೆದರೆ ಸರ್ಟಿಫಿಕೇಟು ಮುಚ್ಚಿಹೋಗುತ್ತಿತ್ತು, ಬಂದವರಿಗೆ ಕಾಣುತ್ತಿರಲಿಲ್ಲ. ಆದರೆ ಅವನ ತಾಯಿ ಗುರುಬಾಯಿಯ ಬಾಯಿ ಕಟ್ಟುವವರು ಯಾರು? ಸೊಸೆಯ ವಿಸಿಟಿಂಗ್ ಕಾರ್ಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಠಕ್ಕೂ ಭಜನೆಗೂ ಹೋಗಿ ಹಂಚಿದಳು.

"ನೋಡ್ರಿ, ನಮ್ಮ ಸೊಸಿ ಹೆಸರಿನ ಮುಂದ ನಾಕ ಅಕ್ಷರ. ನಮ್ಮ ವೈಜೂನೂ ಕಟ್ಟಿದ್ದ, ಅವಂಗ ಬರಲಿಲ್ಲ."

ವೈಜನಾಥನ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಹೇಳುವುದೇನಿದೆ, ಕಟ್ಟಿಕೊಂಡ ಹೆಂಡತಿಯ ಮೇಲೇ ಉರಿಯಿತು. ಅವಳು ಫೋನಿನಲ್ಲಿ ಇಂಗ್ಲಿಷು ಆಡಿದರೆ ಉರಿಯಿತು, ಮನೆಗೆ ಬಂದು ರೊಟ್ಟಿ ಬಡಿದರೂ ಉರಿಯಿತು. ಇಷ್ಟು ದೊಡ್ಡವಳಾಗಿಯೂ ರೊಟ್ಟಿ ಬಡಿಯುತ್ತಾಳಲ್ಲ ಎಂದು ನಾಳೆ ಜನ ಇವಳನ್ನೇ ಹೊಗಳುತ್ತಾರೆ! ಬಾಲಾನಗರದಲ್ಲಿ ಅವನ ವಿಭಾಗದ ಬೋರ್ಡನ್ನೂ ಬದಲಿಸಿ ಎಚ್.ಆರ್. ಎಂದು ಬರೆದರು. ಆ ಎರಡಕ್ಷರದ ಕೆಳಗೆ ಕೂತು ಅವನು ಹೆಂಡತಿಯ ನಾಲ್ಕಕ್ಷರಗಳನ್ನು ನೆನೆಯುತ್ತಿದ್ದ.

ಒಂದೇ ಒಂದು ಸಮಾಧಾನವಿತ್ತು. ಆ ಸರ್ಟಿಫಿಕೇಟು ಬಿ.ಕಾಂ. ಪದವಿಯ ಹಾಗೆ ಸಾಯುವ ತನಕ ಇರುವಂಥದಲ್ಲ. ಮೂರು ವರ್ಷದೊಳಗೆ ಇಷ್ಟು ಸೆಮಿನಾರು, ಇಷ್ಟು ತರಬೇತಿ ಎಂದು ಮುಗಿಸಿ, ಗಡುವಿನೊಳಗೆ ಅರ್ಜಿ ಹಾಕಿ ನವೀಕರಿಸಬೇಕು. ತಪ್ಪಿದರೆ ದಂಡ ಕಟ್ಟಲು ಎರಡು ತಿಂಗಳು. ಅದೂ ತಪ್ಪಿದರೆ ಮೊದಲಿನಿಂದ ಪರೀಕ್ಷೆ. ಸೆಮಿನಾರುಗಳನ್ನೆಲ್ಲ ಪ್ರೇಮಾ ಯಾವತ್ತೋ ಮುಗಿಸಿದ್ದಳು. ಅರ್ಜಿಯ ತಾರೀಖು ಮಾತ್ರ ಅವಳ ತಲೆಯಲ್ಲಿರಲಿಲ್ಲ. ಮನೆಯ ತಾರೀಖುಗಳೆಲ್ಲ ಗಂಡನ ತಲೆಯಲ್ಲಿರುತ್ತಿದ್ದವಲ್ಲ. ಈ ನಡುವೆ ಅವಳು ಮಣಿಕೊಂಡದ ಕಡೆಯ ಇನ್ನೊಂದು ಕಂಪನಿಗೆ ಸೇರಿದ್ದಳು. ಪರೀಕ್ಷೆಯವರು ಕಳಿಸುವ ನೆನಪು ಮಾಡಿಕೊಡುವ ಇ-ಮೇಲ್ ಹಳೆಯ ಆಫೀಸಿನ ವಿಳಾಸಕ್ಕೇ ಹೋಗುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ವೈಜನಾಥನಿಗೆ ಹೊಳೆಯಿತು.

ಎರಡು ಸಾವಿರದ ಹತ್ತರ ಫೆಬ್ರವರಿ ತುಂಬ ಪ್ರತ್ಯೇಕ ರಾಜ್ಯದ ಚಳವಳಿಯ ಬಂದ್‌ಗಳು. ನೌಕರರನ್ನು ಆಫೀಸಿಗೆ ಹೇಗೆ ತರುವುದು, ಹೇಗೆ ಮನೆ ಮುಟ್ಟಿಸುವುದು ಎಂಬ ಗಡಿಬಿಡಿಯಲ್ಲೇ ಪ್ರೇಮಾ ಇದ್ದಳು. ಅರ್ಜಿಯ ಗಡುವು ಆ ತಿಂಗಳ ಕೊನೆಗೇ ಇತ್ತು. ಕೊನೆಯ ವಾರ ವೈಜನಾಥನ ನಾಲಿಗೆ ಎರಡು ಸಲ ಎದ್ದಿತು. ಅವಳ ಸರ್ಟಿಫಿಕೇಟು, ಅವಳೇ ನೋಡಿಕೊಳ್ಳಲಿ, ನಾನೇನು ಅವಳ ಗುಮಾಸ್ತನೇ ಎಂದುಕೊಂಡು ನುಂಗಿದ. ಗಡುವು ದಾಟಿತು. ದಂಡದ ಎರಡು ತಿಂಗಳು ಇದೆಯಲ್ಲ, ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ನಿದ್ದೆ ಮಾಡಿದ.

ಏಪ್ರಿಲ್ ಪೂರ್ತಿ ಕಳೆಯುವ ಮುಂಚೆ ಒಂದು ಸಂಜೆ ಪ್ರೇಮಾ ಕಾಲಿಗೆ ರೆಕ್ಕೆ ಬಂದವಳಂತೆ ಮನೆಗೆ ಬಂದಳು. ಕಡಲೆಹಿಟ್ಟಿನ ಝುಣಕದ ವಡಿ ಮಾಡಿದಳು. ಬಡಿಸುತ್ತ ಹೇಳಿದಳು, ಈ ಹೊಸ ಕಂಪನಿಯಲ್ಲಿ ಸಿಂಗಾಪುರ, ಮಲೇಷ್ಯಾ, ಇಂಡಿಯಾ ಮೂರನ್ನೂ ನೋಡಿಕೊಳ್ಳುವ ಎಚ್.ಆರ್. ಹೆಡ್ ಜಾಗ ಖಾಲಿಯಾಗಿದೆ, ಹೈದರಾಬಾದಿನಲ್ಲೇ ಕೂತು ಮಾಡುವ ಕೆಲಸ, ಸಾಹೇಬರು ತನ್ನ ಹೆಸರನ್ನೇ ಹೇಳಿದ್ದಾರೆ.

"ನನಗಿಂತ ಇಂಗ್ಲಿಷ್ ಚಲೋ ಮಾತಾಡೂ ಮಂದಿ ಭಾಳ ಅದಾರ್ರಿ. ಆದ್ರ ಆ ಸರ್ಟಿಫಿಕೇಟ್ ನನ್ನ ಒಬ್ಬಾಕಿ ಕಡೇನ ಐತಿ. ಅದರ ಮ್ಯಾಲ ನಿಂತೈತಿ ಎಲ್ಲಾ."

ವೈಜನಾಥನ ಕೈಯ ತುತ್ತು ಅಲ್ಲೇ ನಿಂತಿತು. ಇದು ಬರೀ ಗೋಡೆಯ ಮೇಲಿನ ಕಾಗದದ ಮಾತಲ್ಲ, ಅವಳ ಹತ್ತು ವರ್ಷದ ದುಡಿಮೆ ಎಂದು ಅವನಿಗೆ ಅರ್ಥವಾಯಿತು. ಹೇಳಿಬಿಡಬೇಕು ಎಂದು ನಿಜವಾಗಿಯೂ ಬಾಯಿ ತೆರೆದ. ಅಷ್ಟರಲ್ಲಿ ಅವಳು ಇನ್ನೊಂದು ವಡಿ ಹಾಕಿ, ಅಕ್ಕರೆಯಿಂದಲೇ ಅಂದಳು:

"ನೀವೂ ಇನ್ನೊಮ್ಮೆ ಕೂಡ್ರಿ ಪರೀಕ್ಷಾಕ್ಕ. ಈ ಸಲ ನಾ ಓದಸ್ತೀನಿ."

ನಾ ಓದಸ್ತೀನಿ! ಸಂಬಳದ ಸ್ಲಿಪ್ಪು ಓದಲು ಕಲಿಸಿದವನು ಯಾರು? ವೈಜನಾಥ ತೆರೆದ ಬಾಯಿಗೆ ವಡಿಯನ್ನೇ ಹಾಕಿಕೊಂಡ. ಆ ರಾತ್ರಿ ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಏಪ್ರಿಲ್ ಮುಗಿಯುವ ತನಕ ಹೇಳಲೇ ಇಲ್ಲ.

ಮೇ ತಿಂಗಳಲ್ಲಿ ಕಂಪನಿಯವರು ಸರ್ಟಿಫಿಕೇಟನ್ನು ತಾಳೆ ನೋಡಿದರು. ಪ್ರೇಮಾ ಮಧ್ಯಾಹ್ನವೇ ಮನೆಗೆ ಬಂದು, ಚಪ್ಪಲಿ ಬಿಡದೆ ಕುರ್ಚಿಯ ಮೇಲೆ ಕುಳಿತಳು. ಅವತ್ತು ವೈಜನಾಥ ನೆಗಡಿ ಎಂದು ರಜೆಯಲ್ಲಿದ್ದ.

"ಲ್ಯಾಪ್ಸ್ ಆಗೇತಂತ್ರಿ. ಫೆಬ್ರವರಿಗೇ ಮುಗದಿತ್ತಂತ. ಏಪ್ರಿಲ್ ಮುಗಿಯೂತನಾ ದಂಡ ಕಟ್ಟಬಹುದಿತ್ತಂತ, ಅದೂ ಹೋತು. ಬ್ಯಾರೇದವ್ರನ್ನ ತಗೋತಾರಂತ."

ಗುರುಬಾಯಿ ಒಳಗಿನಿಂದ ಬಂದಳು. "ತಾರೀಖಿನ ಕೆಲಸೆಲ್ಲಾ ನಮ್ಮ ವೈಜೂಂದ ಅಲ್ಲೇನು? ಏನೋ, ಹೇಳಲಿಲ್ಲೇನು?"

ವೈಜನಾಥ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡ. "ಮರ್ತೆ ಅವ್ವಾ," ಎಂದ.

ಪ್ರೇಮಾ ಅವನ ಮೇಲೆ ಎಗರಿ ಬೀಳಲಿಲ್ಲ. ತುಸು ಹೊತ್ತು ಅತ್ತಳು, ಮುಖ ತೊಳೆದುಕೊಂಡು ಬಂದಳು. "ಹೋಗ್ಲಿ ಬಿಡ್ರಿ. ವಯಸ್ಸಾದ್ರ ಮರವು ಬರೂದ. ನಾನೂ ಎಲ್ಲಾ ನಿಮ್ಮ ಮ್ಯಾಲ ಹಾಕಬಾರದಿತ್ತು."

ಶಿಕ್ಷೆ ಅಲ್ಲಿಂದ ಶುರುವಾಯಿತು. ಮನೆಯಲ್ಲಿ ವೈಜನಾಥ ಈಗ ಮರೆಗುಳಿ. ಪ್ರೇಮಾ ಅಡಿಗೆಮನೆಗೆ ಕ್ಯಾಲೆಂಡರ್ ತಂದು ನೇತುಹಾಕಿದಳು. ಎಲ್‌ಐಸಿ ಕಂತನ್ನು ತಾನೇ ಕಟ್ಟಿದಳು. ಅವನು ಅಂಗಡಿಗೆ ಹೊರಟರೆ ಗುರುಬಾಯಿ ಬಾಗಿಲ ತನಕ ಬಂದು, ಏನು ತರಬೇಕು ಹೇಳು ನೋಡೋಣ ಎಂದು ಒಪ್ಪಿಸಿಕೊಳ್ಳುತ್ತಿದ್ದಳು. ಓಣಿಯವರಿಗೂ ಸುದ್ದಿ ಮುಟ್ಟಿತು. ಯಾವುದಾದರೂ ತಾರೀಖು ಹೇಳಲು ಹೋದರೆ ಪಾಪ ಎಂದು ನಗುತ್ತಿದ್ದರು. ನೆನಪಿಗೆ ಒಳ್ಳೆಯದೆಂದು ಪ್ರೇಮಾ ದಿನಾ ರಾತ್ರಿ ಬದಾಮಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಸಿಪ್ಪೆ ಸುಲಿದು ಸ್ಟೀಲ್ ಬಟ್ಟಲಲ್ಲಿ ಚಹಾದ ಮುಂಚೆ ತಂದಿಡುತ್ತಿದ್ದಳು. ನನಗೆ ಎಲ್ಲ ನೆನಪಿದೆ ಎಂದು ಕೂಗುವ ಹಾಗಿರಲಿಲ್ಲ. ಮರೆಗುಳಿಯೆನಿಸಿಕೊಳ್ಳಬೇಕು, ಇಲ್ಲವೇ ಹೊಟ್ಟೆಕಿಚ್ಚಿನವನೆನಿಸಿಕೊಳ್ಳಬೇಕು. ವೈಜನಾಥ ಬದಾಮಿ ಅಗಿದ.

ಪ್ರೇಮಾ ಬಸ್ಸಿನಲ್ಲಿ ಕೂತು ಮತ್ತೆ ಓದಿದಳು. ದೀಪಾವಳಿಯ ಮುಂಚೆ ಮತ್ತೆ ಪರೀಕ್ಷೆ ಪಾಸಾದಳು. ಸಿಂಗಾಪುರದ ಜಾಗ ಮಾತ್ರ ಹೋಗಿಯೇ ಹೋಗಿತ್ತು. ಆ ಭಾನುವಾರ ಅವಳ ತಮ್ಮ ಶಿವಶರಣಪ್ಪ ಊಟಕ್ಕೆ ಬಂದ. ಕೀಟಲೆಯ ಮನುಷ್ಯ. ಹೋಳಿಗೆ ಮುರಿಯುತ್ತ ಶುರುಮಾಡಿದ.

"ಮಾಮಾ, ಈ ಸಲಾನೂ ತಾರೀಖು ಮರ್ತೀರಿ ನೋಡ್ರಿ ಮತ್ತ! ನನ್ನ ಲಗ್ನ ಯಾವಾಗ ಆತು, ಅದಾದ್ರೂ ನೆನಪೈತೇನು?"

ಎಷ್ಟು ತಿಂಗಳ ಬದಾಮಿ ಒಳಗೆ ಕೂತಿತ್ತೋ. ವೈಜನಾಥನಿಗೆ ತಡೆದುಕೊಳ್ಳಲಾಗಲಿಲ್ಲ.

"ತೊಂಬತ್ತೊಂಬತ್ತು, ಮೇ ಹದಿನಾರು, ಆಯ್ತವಾರ. ಅಕ್ಷತಾ ಹಾಕೂ ಮುಂದ ಕರೆಂಟ್ ಹೋತು."

"ಅರೆ! ಅಕ್ಕ ಮೊದಲ ನೌಕರಿಗೆ ಸೇರಿದ್ದು?"

"ಎರಡ ಸಾವಿರ, ಜುಲೈ ಮೂರು, ಸೋಮವಾರ." ವೈಜನಾಥನ ಮುಖದ ಮೇಲೆ ಹಳೆಯ ಕಳೆ ಬಂದಿತ್ತು. ಬೆನ್ನು ನೆಟ್ಟಗಾಗಿತ್ತು. ಕೇಳದಿದ್ದುದನ್ನೂ ಹೇಳುತ್ತ ಹೋದ. "ಇಷ್ಟ ಅಲ್ಲೋ ತಮ್ಮಾ. ನಿಮ್ಮಕ್ಕ ಸಿಂಗಾಪುರದ ಸುದ್ದಿ ತಂದದ್ದು ಏಪ್ರಿಲ್ ಹತ್ತೊಂಬತ್ತು, ಸೋಮವಾರ. ಝುಣಕದ ವಡಿ ಮಾಡಿದ್ಲು. ದಂಡ ಕಟ್ಟಾಕ ಇನ್ನ ಹನ್ನೊಂದ ದಿನ ಇತ್ತು ಅಂತ ಕೂತಲ್ಲೇ ಲೆಕ್ಕಾ—"

ನಾಲಿಗೆ ಅಲ್ಲೇ ನಿಂತಿತು.

ಶಿವಶರಣಪ್ಪನಿಗೆ ತಿಳಿಯಲಿಲ್ಲ. "ಭಲೇ ಮಾಮಾ! ಅಕ್ಕನ ಬದಾಮಿ ಕೆಲಸ ಮಾಡ್ಯಾವ," ಎಂದು ನಕ್ಕು ತುಪ್ಪ ಕೇಳಿದ. ಪ್ರೇಮಾ ತುಪ್ಪದ ಚಮಚ ಹಿಡಿದು ನಿಂತಿದ್ದಳು. ಗಂಡನನ್ನು ನೋಡಿದಳು. ತಮ್ಮನಿಗೆ ತುಪ್ಪ ಹಾಕಿದಳು, ಗಂಡನ ಹೋಳಿಗೆಗೂ ಹಾಕಿದಳು, ಒಳಗೆ ಹೋದಳು.

ರಾತ್ರಿ ಅವಳು ಏನಾದರೂ ಅನ್ನುತ್ತಾಳೆಂದು ವೈಜನಾಥ ಕಾದ. ಬೈದರೆ ಬೈಸಿಕೊಳ್ಳಲು, ತಪ್ಪಾಯಿತು ಎನ್ನಲು ಸಿದ್ಧನಾಗಿದ್ದ. ಅವಳು ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ ಮಲಗಿದಳು.

ಬೆಳಿಗ್ಗೆ ಎದ್ದು ಮುಖ ತೊಳೆದು ಟೇಬಲ್ಲಿಗೆ ಬಂದ. ಚಹಾ ಇತ್ತು. ಸ್ಟೀಲ್ ಬಟ್ಟಲು ಇರಲಿಲ್ಲ.

"ಬದಾಮಿ ನೆನಿ ಹಾಕಿಲ್ಲೇನು?" ಎಂದ ಮೆಲ್ಲಗೆ.

ಪ್ರೇಮಾ ಊಟದ ಡಬ್ಬಿಯ ಮುಚ್ಚಳ ಒತ್ತಿ ಚೀಲದಲ್ಲಿಟ್ಟುಕೊಂಡಳು.

"ನಿಮಗದರ ಜರೂರತ್ ಇಲ್ಲಲ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಹಿಂದೆ ಮುಂಬಾಗಿಲು ಮುಚ್ಚಿಕೊಂಡಿತು, ಗೋಡೆಯ ಮೇಲಿನ ಸರ್ಟಿಫಿಕೇಟು ಅವನಿಗೆ ಎದುರಾಯಿತು.