ನನ್ನ ತಮ್ಮ ಬಾಳೆಹಣ್ಣು ಬಿಟ್ಟದ್ದು

ಬರೆದುಕೋ ಮಗಳೇ. ನಡುನಡುವೆ ಕೆಮ್ಮುತ್ತೇನೆ, ಅದನ್ನು ಬರೆಯಬೇಡ. ಇದು ನನ್ನ ತಮ್ಮನ ಕಥೆ. ನಮ್ಮ ಮೇಲಿನ ಮನೆಯಲ್ಲೇ ಇದ್ದಾನಲ್ಲ, ನೀವು ಮಕ್ಕಳೆಲ್ಲ ಮಹಡಿ ತಾತ ಅಂತ ಕರೆಯುತ್ತೀರಲ್ಲ, ಅವನದು.

ಮೂವತ್ತೆಂಟು ವರ್ಷದಿಂದ ಅವನು ಬಾಳೆಹಣ್ಣಿನ ಮಂಡಿಯಲ್ಲಿ ಹಣ್ಣು ಮಾಗಿಸುವವನು. ಲಾರಿಯಲ್ಲಿ ಬರುವುದು ಗಿಣಿಯ ಹಾಗೆ ಹಸಿರಾದ ಗೊನೆಗಳು. ಅವನ್ನು ಕೋಣೆಯಲ್ಲಿ ತೂಗುಹಾಕಿ ಬಾಗಿಲು ಬಿಗಿಯಾಗಿ ಮುಚ್ಚುತ್ತಾರೆ. ನಾಲ್ಕನೆಯ ದಿನವೋ ಐದನೆಯ ದಿನವೋ ತೆಗೆಯಬೇಕು. ಬೇಗ ತೆಗೆದರೆ ಒಗರು, ತಡವಾದರೆ ಅಂಗಡಿ ಸೇರುವ ಹೊತ್ತಿಗೆ ಕಪ್ಪು. ಯಾವತ್ತು ಅನ್ನುವುದು ನನ್ನ ತಮ್ಮನ ಮಾತು. ಬೆಳಿಗ್ಗೆ ಆರಕ್ಕೆ ಕೋಣೆಗೆ ಹೋಗಿ, ಒಂದೇ ಗೊನೆಯ ಮೇಲಿನ ಚಿಪ್ಪಿನಿಂದ ಒಂದು, ನಡುವಿನದರಿಂದ ಒಂದು, ತುದಿಯದರಿಂದ ಒಂದು ಹಣ್ಣು ಕಿತ್ತು, ನಿಂತಲ್ಲೇ ಮೂರನ್ನೂ ತಿನ್ನುತ್ತಿದ್ದ. ಆಮೇಲೆ “ತೆಗೀರಿ” ಅಂದರೆ ತೆಗೆಯಬೇಕು, “ನಾಳೆ” ಅಂದರೆ ನಾಳೆಯೇ. ಮಂಡಿಯವರು ಅವನನ್ನು ನಾಲಿಗೆಯಣ್ಣ ಅಂತಲೇ ಕರೆಯುವುದು.

ಅಲ್ಲಿ ಮೂರು ತಿಂದು ಬಂದವನು ಮನೆಯಲ್ಲಾದರೂ ಸುಮ್ಮನಿರಬೇಕೋ ಬೇಡವೋ? ಊಟವಾದ ಮೇಲೆ ಎರಡು. ಚಿಕ್ಕವನಿದ್ದಾಗ ಜ್ವರ ಬಂದರೆ ಔಷಧಿಯನ್ನು ಹಣ್ಣಿನೊಳಗಿಟ್ಟು ಕೊಡಬೇಕಿತ್ತು. ಕಳ್ಳ, ಹಣ್ಣು ತಿಂದು ಗುಳಿಗೆ ಉಗಿಯುತ್ತಿದ್ದ! ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದಾಗ ಅವರು ಪ್ರೀತಿಯಿಂದ ತಟ್ಟೆ ಮುಂದಿಟ್ಟರೆ, ಇವನು ಹಣ್ಣನ್ನು ಒಂದು ಸಲ ಒತ್ತಿ ನೋಡಿ, “ಮಾವ, ಇದನ್ನ ನಾಳೆ ಕೊಡಿ” ಅಂದನಂತೆ. ಅವನ ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಎಲ್ಲಿದ್ದೆ ನಾನು? ಹಾಂ, ಡಾಕ್ಟರು.

ಹೋದ ವರ್ಷ ಅವನ ಕಾಲು ಊದಿತು. ಮೂತ್ರಪಿಂಡ ಸ್ವಲ್ಪ ಸೋತಿದೆ, ರಕ್ತದಲ್ಲಿ ಎಂಥದೋ ಉಪ್ಪಿನಂಶ ಏರಿದೆ ಅಂದರು ಡಾಕ್ಟರು. ಗುಳಿಗೆ ಬರೆದುಕೊಟ್ಟು, ತಿನ್ನಬಾರದ್ದರ ಪಟ್ಟಿ ಓದಿದರು. ಮೊದಲನೆಯದೇ ಬಾಳೆಹಣ್ಣು.

“ಒಂದೂ ಬೇಡ್ವಾ?” ಅಂದ ಇವನು.

“ಒಂದೂ ಬೇಡ.”

“ಅರ್ಧ?”

“ಸ್ವಾಮಿ, ನೀವು ನನ್ನ ಹತ್ರ ವ್ಯಾಪಾರ ಮಾಡ್ತಿದ್ದೀರಾ?” ಅಂದರಂತೆ ಡಾಕ್ಟರು.

ಮನೆಗೆ ಬಂದವನ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗನ ಹಾಗೆ. ಅವನ ಹೆಂಡತಿ ಅವತ್ತೇ ಕಟ್ಟಪ್ಪಣೆ ಮಾಡಿದಳು: “ಮೇಲಿನ ಮನೆಗಾಗ್ಲಿ ಕೆಳಗಿನ ಮನೆಗಾಗ್ಲಿ ಇನ್ಮೇಲೆ ಬಾಳೆಹಣ್ಣು ಬರಕೂಡದು ಅತ್ತಿಗೆ. ಕಣ್ಣಿಗೆ ಬಿದ್ರೆ ತಾನೆ ಆಸೆ?”

ಮನೆಯದೇನೋ ಸರಿ, ಮಂಡಿಯಲ್ಲಿ? ಸುತ್ತ ಇನ್ನೂರು ಗೊನೆ ತೂಗುತ್ತಿರುವಾಗ ಬಾಯಿ ಕಟ್ಟುವುದು ಹೇಗೆ? ಆಗ ದೊಡ್ಡ ಬುದ್ಧಿವಂತೆಯ ಹಾಗೆ ಉಪಾಯ ಹೇಳಿದವಳು ನಾನೇ. “ವಾಸನೆ ಬಂದ್ರಲ್ವೇನೋ ಬಾಯಲ್ಲಿ ನೀರು ಬರೋದು? ಒದ್ದೆ ಬಟ್ಟೆ ಮೂಗಿಗೆ ಬಿಗಿಯಾಗಿ ಕಟ್ಕೊಂಡು ಹೋಗು. ಕಣ್ಣಲ್ಲಿ ನೋಡು, ಕೈಯಲ್ಲಿ ಒತ್ತು, ಮುಗೀತು.” ಅಕ್ಕ ಹೇಳಿದ್ದು ಅಂತ ಅವನೂ ಹಾಗೇ ಮಾಡಿದ.

ಎರಡು ವಾರದೊಳಗೆ ಎರಡು ಕೋಣೆ ಕೆಟ್ಟವು. ಒಂದನ್ನು ಒಂದು ದಿನ ಮೊದಲೇ ತೆಗೆಸಿಬಿಟ್ಟ. ಅಂಗಡಿಯವರು ಗಾಡಿಗಾಡಿ ಹಣ್ಣು ವಾಪಸು ತಂದು ಸುರಿದರು. ಇನ್ನೊಂದಕ್ಕೆ ಹೆದರಿ ತಡ ಮಾಡಿದ, ಅದು ಕರಗಿಹೋಯಿತು. ಮಂಡಿಯ ಯಜಮಾನರು ಕೆಟ್ಟವರಲ್ಲ, ಗದರಲಿಲ್ಲ. “ನಾಲಿಗೆಯಣ್ಣ, ನಾಲಿಗೆ ಹೋದ ಮೇಲೆ ಬರೀ ಅಣ್ಣನ್ನ ಇಟ್ಕೊಂಡು ನಾನೇನು ಮಾಡ್ಲಿ? ಈ ಸೋಮವಾರದ ಕೋಣೆ ಒಂದು ನೋಡೋಣ. ಅದೂ ಕೆಟ್ರೆ ನೀನು ಗೇಟಲ್ಲಿ ಕೂತ್ಕೊ, ಸಂಬಳ ಅಷ್ಟೇ ಕೊಡ್ತೀನಿ” ಅಂದರು.

ಸಂಬಳ ಅಷ್ಟೇ ಬರುತ್ತದಲ್ಲ ಅಂತ ನೀನು ಅಂದುಕೊಳ್ಳಬಹುದು. ಅವನಿಗೆ ಹಾಗಲ್ಲ. ಅವನು ಓದಿದವನಲ್ಲ. ಊರಿನವರೆಲ್ಲ ಒಪ್ಪುವ ಮಾತು ಅವನ ಹತ್ತಿರ ಇದ್ದದ್ದು ಅದೊಂದೇ, “ತೆಗೀರಿ” ಅನ್ನುವುದು. ಅದೂ ಹೋದರೆ? ಹಣ್ಣು ಬಿಟ್ಟದ್ದಕ್ಕಿಂತ ಹೆಚ್ಚಾಗಿ ಅದು ಅವನನ್ನು ತಿಂದಿತು. ಸಂಜೆ ಕೆಳಗೆ ಚಹಾಕ್ಕೆ ಬಂದರೆ ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಿದ್ದ.

ಈಗ ನನ್ನ ಕಳ್ಳತನ ಬರೆದುಕೋ. ಮುಚ್ಚುಮರೆ ಯಾಕೆ, ಬೆಳಿಗ್ಗೆ ಒಂದು ಬಾಳೆಹಣ್ಣು ತಿನ್ನದಿದ್ದರೆ ನನ್ನ ಹೊಟ್ಟೆ ಕೆಲಸಕ್ಕೇ ಇಳಿಯುವುದಿಲ್ಲ. ಎಷ್ಟು ದಿನ ಸಹಿಸಲಿ? ಆ ಶುಕ್ರವಾರ ಅರೆಹಸಿರು ಚಿಪ್ಪೊಂದನ್ನು ತಂದು, ಚಹಾಕ್ಕೆ ಬರುವ ತಮ್ಮನ ಕಣ್ಣಿಗೂ ಅವನ ಹೆಂಡತಿಯ ಕಣ್ಣಿಗೂ ಬೀಳದಿರಲಿ ಅಂತ ಕಬ್ಬಿಣದ ಬೀರುವಿನೊಳಗೆ, ಉಣ್ಣೆಯ ಹೊದಿಕೆಗಳ ನಡುವೆ ಇಟ್ಟು ಬೀಗ ಹಾಕಿದೆ.

ಭಾನುವಾರ ಅವನು ಬಂದ. ಕುರ್ಚಿಯಲ್ಲಿ ಕೂತ. ಚಹಾ ಎತ್ತಿದವನು ಹಾಗೇ ಕೆಳಗಿಟ್ಟ.

“ಅಕ್ಕ, ಬೀರುವಿನಲ್ಲಿ ಏನಿಟ್ಟಿದ್ದೀಯ?”

“ಬಟ್ಟೆ ಕಣೋ. ಬೀರುವಿನಲ್ಲಿ ಮತ್ತೇನಿರತ್ತೆ? ನಾನ್ಯಾಕೆ ಹಣ್ಣು ತರ್ಲಿ?”

ಹಣ್ಣು ಅಂತ ಅವನು ಅಂದಿರಲೇ ಇಲ್ಲ ನೋಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ಅವನು ಎದ್ದು ಬೀರುವಿನ ಸಂದಿಗೆ ಮೂಗಿಟ್ಟ. ಕಣ್ಣು ಮುಚ್ಚಿದ. “ಒಂದು ಹಣ್ಣು ಕಪ್ಪಾಗಿದೆ, ಅದನ್ನ ಇವತ್ತೇ ತಿನ್ನು. ಮಿಕ್ಕಿದ್ದಕ್ಕೆ ಇನ್ನೂ ಒಂಚೂರು ಒಗರಿದೆ. ನಾಳೆ ಬೆಳಿಗ್ಗೆ ಸರಿಹೋಗುತ್ತೆ.”

ಬೀಗ ತೆಗೆದು ನೋಡಿದರೆ, ಹೊದಿಕೆಯ ಅಡಿಯಲ್ಲಿ ಒಂದು ನಿಜವಾಗಿಯೂ ಕಪ್ಪಾಗಿತ್ತು! ಇನ್ನೊಂದನ್ನು ನಾನು ಸುಲಿದು ಬಾಯಿಗಿಟ್ಟೆ. ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಒಗರು.

“ಮಂಡಿಯವನ ಅಕ್ಕ ಆಗಿ ಇಷ್ಟು ವರ್ಷ ಆಯ್ತು, ಇದೂ ಗೊತ್ತಾಗ್ಲಿಲ್ವಾ?” ಅಂತ ನಗತೊಡಗಿದ ಅವನು. “ಬಿಗಿ ಬಾಗಿಲು, ಒಳಗೆ ಬೆಚ್ಚಗೆ. ಬಚ್ಚಿಡೋಕೆ ಹೋಗಿ ಮಾಗಿಸೋ ಕೋಣೇನೇ ಕಟ್ಟಿದ್ದೀಯಲ್ಲೇ!” ನಗುತ್ತಿದ್ದವನು ತಟ್ಟನೆ ನಿಲ್ಲಿಸಿದ. ತನ್ನ ಮೂಗು ಮುಟ್ಟಿಕೊಂಡ. “ಅಕ್ಕ, ನಾನು ತಿನ್ಲೇ ಇಲ್ವಲ್ಲ. ಮತ್ತೆ ಒಗರು ಅಂತ ಹೆಂಗೆ ಗೊತ್ತಾಯ್ತು?”

“ನನ್ನನ್ನ ಕೇಳ್ತೀಯಲ್ಲೋ! ಮೂಗಿಗೆ ಬಟ್ಟೆ ಕಟ್ಕೋ ಅಂದ ದಡ್ಡಿ ನಾನು!”

ಸೋಮವಾರ ಅವನು ಬಟ್ಟೆ ಕಟ್ಟದೆ ಹೋದ. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಮೂರು ಹಣ್ಣು ಕಿತ್ತ, ಸಿಪ್ಪೆ ಸುಲಿದ, ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದ. ಬಾಯಿ ತುಂಬ ನೀರು ಬಂತಂತೆ. ಬರಲಿ ಅಂತ ನುಂಗಿಕೊಂಡನಂತೆ. “ಇವತ್ತಲ್ಲ, ನಾಳೆ” ಅಂದ.

“ಬಣ್ಣ ಬಂದಿದೆಯಲ್ಲೋ?” ಅಂದರು ಯಜಮಾನರು.

“ತಿಂದು ನೋಡಿ ಯಜಮಾನ್ರೆ.”

ಅವರು ತಿಂದರು. ಮುಖ ಕಿವುಚಿದರು. ಬಾಗಿಲು ಮುಚ್ಚಿಸಿದರು. ಮರುದಿನ ತೆಗೆದ ಕೋಣೆಯ ಒಂದು ಹಣ್ಣೂ ವಾಪಸು ಬರಲಿಲ್ಲ. ಗೇಟಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಅದೇ ಪದ್ಧತಿಯಾಗಿದೆ. ಇವನು ಮೂಸಿದ ಮೂರು ಹಣ್ಣನ್ನು ಯಜಮಾನರು ತಿನ್ನುತ್ತಾರೆ. ದಪ್ಪಗಾಗಿದ್ದಾರೆ ಪಾಪ. ಹೊಸಬರು ಮೂಗಣ್ಣ ಅನ್ನಲು ನೋಡಿದರು, ಹಳಬರು ಬಿಡಲಿಲ್ಲ. ಊಟವಾದ ಮೇಲೆ ನಾಲ್ಕು ಹೋಳು ಸೇಬು ತಿನ್ನುತ್ತಾನೆ. ಮೊದಮೊದಲು “ಕಟ್ಟಿಗೆ ಜಗಿದ ಹಾಗಿದೆ” ಅನ್ನುತ್ತಿದ್ದವನು, ಮೊನ್ನೆ ನನ್ನ ಪಾಲಿನ ಹೋಳಿಗೂ ಕೈ ಹಾಕಿದ. ಕಾಲಿನ ಊತ ಇಳಿದಿದೆ. ಮನೆಯ ಕಟ್ಟಪ್ಪಣೆಯನ್ನೂ ಅವನೇ ತೆಗೆಸಿದ.

ನನ್ನ ಹೊದಿಕೆಗಳನ್ನು ಎರಡು ಸಲ ಒಗೆದರೂ ಆ ವಾಸನೆ ಹೋಗಿಲ್ಲ. ಅವನು ಬಂದಾಗೆಲ್ಲ ಬೀರುವಿನ ಪಕ್ಕದ ಕುರ್ಚಿಯನ್ನೇ ಎಳೆದುಕೊಳ್ಳುತ್ತಾನೆ. ಕೂತುಕೊಳ್ಳಲಿ ಬಿಡು. ಹೆಜ್ಜೆ ಸದ್ದಾಯಿತು, ಇಳಿದು ಬರುತ್ತಿದ್ದಾನೆ ಅಂತ ಕಾಣುತ್ತದೆ. ಪೆನ್ನು ಕೆಳಗಿಡು, ಚಹಾಕ್ಕೆ ನೀರಿಡು ಹೋಗು.