ಹನ್ನೆರಡು ಮಿಲಿವೋಲ್ಟಿನ ತಪ್ಪು

ಮೂರು ವರ್ಷದ ಹಿಂದಿನ ಮಾತು. ಹರಿಹರದಲ್ಲಿ ಎಲೆಕ್ಟ್ರಿಕ್ ಆಟೊಗಳಿಗೆ, ಮೋಟಾರನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ತಯಾರಿಸಿ ಜೋಡಿಸುವ ಸಣ್ಣ ಘಟಕವೊಂದರಲ್ಲಿ ನಾನು ಟೆಸ್ಟಿಂಗ್ ಎಂಜಿನಿಯರ್. ನಿವೃತ್ತಿಗೆ ಎಂಟು ತಿಂಗಳಿತ್ತು. ಸರ್ಕ್ಯೂಟ್ ಡ್ರಾಯಿಂಗ್‌ಗಳೂ ನನ್ನವೇ. ಅವುಗಳಲ್ಲಿ ತಪ್ಪು ಹುಡುಕಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ದಾವಣಗೆರೆಯ ಶಾಮನೂರಿನ ರೇಣುಕಮ್ಮ ನಮ್ಮ ಕಂಟ್ರೋಲರ್ ಇದ್ದ ಆಟೊದಲ್ಲಿ ನಾಲ್ಕು ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದರು. ಆಟೊ ಮೇಲ್ಸೇತುವೆಯ ಏರಿನಲ್ಲಿ ನಿಂತುಬಿಡುತ್ತಿತ್ತು. ಎರಡು ಸಲ ಕಂಟ್ರೋಲರ್ ಬದಲಿಸಿಕೊಟ್ಟೆವು. ಆಮೇಲೂ ನಿಂತಿತು, ಅದೂ ಹಿಂದೆ ಬಸ್ಸು ಬರುತ್ತಿದ್ದಾಗ. ಇನ್ನೊಮ್ಮೆ ನಿಂತರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಹೆತ್ತವರು ಹೇಳಿಬಿಟ್ಟರು. ಮನೆಗೆಲಸ ಬಿಟ್ಟು ಲೈಸೆನ್ಸ್ ಮಾಡಿಸಿಕೊಂಡಿದ್ದ ಆಕೆಗೆ ಆ ಬಾಡಿಗೆಯೇ ಆಧಾರ.

ಮೋಟಾರಿನ ಕರೆಂಟ್ ಎಂಬತ್ತು ಆಂಪಿಯರ್ ಮುಟ್ಟಿದರೆ ಕಂಟ್ರೋಲರ್ ತಾನೇ ಬಂದ್ ಆಗಬೇಕು. ಇಲ್ಲದಿದ್ದರೆ ವೈರು ಸುಟ್ಟು ಬೆಂಕಿ ಹತ್ತೀತು. ಕರೆಂಟ್ ಅಳೆಯಲು ಬ್ಯಾಟರಿಯ ದಾರಿಯಲ್ಲಿ ಅರ್ಧ ಮಿಲಿಓಮ್‌ನ ಲೋಹದ ಪಟ್ಟಿಯೊಂದನ್ನು ಇಡುತ್ತೇವೆ. ಅದೇ ಸೆನ್ಸ್ ರೆಸಿಸ್ಟರ್. ಅರವತ್ತು ಆಂಪಿಯರ್ ಹರಿದಾಗ ಅದರ ತುದಿಗಳ ನಡುವೆ ಮೂವತ್ತು ಮಿಲಿವೋಲ್ಟ್ ಸಿಗುತ್ತದೆ. ಆಪ್-ಆಂಪ್ ಎಂಬ ಚಿಪ್ ಅದನ್ನು ಐವತ್ತು ಪಟ್ಟು ಹಿಗ್ಗಿಸಿ ಒಂದೂವರೆ ವೋಲ್ಟ್ ಮಾಡುತ್ತದೆ. ಎರಡು ವೋಲ್ಟ್ ಆದರೆ, ಅಂದರೆ ಎಂಬತ್ತು ಆಂಪಿಯರ್ ಹರಿದರೆ, ಬಂದ್.

ಲಿಮಿಟ್ ಏರಿಸಿ ಕಳಿಸಿಬಿಡಿ ಎಂದರು ಮಾಲೀಕರು. ಮಕ್ಕಳು ಕೂರುವ ಗಾಡಿ, ನಾನು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳ ಬದಲು ಮರಳಿನ ಚೀಲ ಹೇರಿಸಿ, ಮೀಟರ್ ಹಿಡಿದು ಹಿಂದಿನ ಸೀಟಿನಲ್ಲಿ ಕೂತೆ. ಏರಿನಲ್ಲಿ ಕೇಬಲ್ಲಿಗೆ ಕಚ್ಚಿಸಿದ ಕ್ಲ್ಯಾಂಪ್ ಮೀಟರ್ ಅರವತ್ತು ಆಂಪಿಯರ್ ಎಂದಿತು. ಆಪ್-ಆಂಪ್ ಮಾತ್ರ 2.1 ವೋಲ್ಟ್ ಕೊಟ್ಟಿತು, ಗಾಡಿ ನಿಂತಿತು.

ಘಟಕಕ್ಕೆ ತಂದು ಆಪ್-ಆಂಪಿಗೆ ಬೇರೆ ಕಡೆಯಿಂದ ಮೂವತ್ತು ಮಿಲಿವೋಲ್ಟ್ ಕೊಟ್ಟು ನೋಡಿದೆ. ಸರಿಯಾಗಿ ಒಂದೂವರೆ ಬಂತು. ಚಿಪ್‌ನದು ತಪ್ಪಿಲ್ಲ. ಮತ್ತೆ ಅರವತ್ತು ಆಂಪಿಯರ್ ಹರಿಸಿ ಪಟ್ಟಿಯ ಮೈಮೇಲೆ ಅಳೆದರೆ ಮೂವತ್ತು, ಅದನ್ನು ಬಿಗಿದ ಬೋಲ್ಟುಗಳ ಮೇಲೆ ಅಳೆದರೆ ನಲವತ್ತೆರಡು. ಹೆಚ್ಚಿನ ಹನ್ನೆರಡು ಮಿಲಿವೋಲ್ಟ್ ಬೋಲ್ಟಿನ ಜೋಡಣೆಯಲ್ಲಿ ಹುಟ್ಟಿದ್ದು. ಆಪ್-ಆಂಪಿಗೆ ಅಳತೆ ಒಯ್ಯುವ ತೆಳು ವೈರುಗಳು ಆ ಬೋಲ್ಟುಗಳಲ್ಲೇ ಇದ್ದವು.

ವೈರಿಂಗ್ ಮಾಡಿದವರು ನಮ್ಮ ಹಿರಿಯ ವೈರ್‌ಮನ್ ಬಾಷಾ ಸಾಬ್. ತೆಳು ವೈರು ಜೋತಾಡದಂತೆ ದಪ್ಪ ಕೇಬಲ್ಲಿನ ಜೊತೆಗೇ ಒಂದು ಬೋಲ್ಟಿಗೆ ಬಿಗಿಯುವುದು ಅವರ ಕಸುಬಿನ ಅಚ್ಚುಕಟ್ಟು. ನನಗೆ ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದದ್ದು ಅಂದೆ. ಅವರು ನನ್ನ ಡ್ರಾಯಿಂಗ್ ತಂದು ಬೆಂಚಿನ ಮೇಲೆ ಹರವಿದರು.

"ಬೋಲ್ಟಿಗೇ ಚುಕ್ಕಿ ಇಟ್ಟೀರಿ ಮೇಡಂ. ನಾ ಹಂಗೇ ಹಾಕೀನಿ. ಪಟ್ಟಿ ಮ್ಯಾಗೆ ಅಂದಿದ್ರೆ ಅಲ್ಲೇ ಹಾಕ್ತಿದ್ದೆ."

ಅವರ ಮಾತು ಸರಿಯಾಗಿತ್ತು. ವೈರು ಸೇರುವ ಜಾಗ ತೋರಿಸಲು ಪಟ್ಟಿಯ ತುದಿಗೂ ಬೋಲ್ಟಿಗೂ ನಾನು ಒಂದೇ ಚುಕ್ಕಿ ಇಟ್ಟಿದ್ದೆ. ನಾಚಿಕೆಯಾಯಿತು, ಕ್ಷಮೆ ಕೇಳಿದೆ. ಅವರೇ ಆ ಎರಡು ವೈರುಗಳನ್ನು ಪಟ್ಟಿಯ ಮೈಗೆ ಬೆಸೆದರು. ಮರಳಿನ ಚೀಲ ಹೊತ್ತ ಆಟೊ ಮೇಲ್ಸೇತುವೆಯನ್ನು ಹತ್ತು ಸಲ ಹತ್ತಿತು, ಒಮ್ಮೆಯೂ ನಿಲ್ಲಲಿಲ್ಲ.

ರೇಣುಕಮ್ಮನಿಗೆ ಅಷ್ಟು ಸಾಲಲಿಲ್ಲ. "ಯಾಕ ನಿಲ್ತಿತ್ತು ಅಂತ ಬರದುಕೊಡ್ರಿ ಮೇಡಂ. ನಾ ಹೇಳಿದ್ರೆ ಮಕ್ಕಳ ಅಪ್ಪ-ಅವ್ವ ನಂಬಲ್ಲ" ಎಂದರು.

ಮಾಲೀಕರು ಬೇಡವೆಂದರೂ ಬರೆದುಕೊಟ್ಟೆ: ತಪ್ಪು ಗಾಡಿಯದಲ್ಲ, ಓಡಿಸಿದವರದಲ್ಲ, ನನ್ನ ಡ್ರಾಯಿಂಗಿನದು, ಈಗ ಸರಿಪಡಿಸಿದ್ದೇನೆ. ಮರುದಿನ ನಾಲ್ಕೂ ಮಕ್ಕಳು ಆಟೊ ಹತ್ತಿದರು. ಅಳತೆಯನ್ನು ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿಯಬೇಕು, ತಪ್ಪನ್ನೂ ಹಾಗೆಯೇ. ಸರ್ವಿಸ್‌ನಲ್ಲಿ ನಾನು ಸಹಿ ಹಾಕಿದ ಕಾಗದಗಳಿಗೆ ಲೆಕ್ಕವಿಲ್ಲ. ಎದೆಯುಬ್ಬಿಸಿ ಇದು ನನ್ನದು ಎಂದು ಹೇಳಬಹುದಾದ ಕಾಗದ ಅದೊಂದೇ.